ಗಾಳಿ ಕರಾವಳಿಗೆ, ನೀರು ನಮ್ಮ ಕೆರೆಗೆ

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಸಾಕು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಿಂದ ಓದುಗರ ಪತ್ರಗಳು ಒಂದರ ಹಿಂದೊಂದು ಬರುತ್ತವೆ. ಈ ಸಲ ಬಂದವುಗಳಲ್ಲಿ ಎಲ್ಲರಿಗೂ ಉಪಯೋಗವಾಗುವಂಥವನ್ನು ಆರಿಸಿದ್ದೇವೆ. ಹವಾಮಾನ, ಕೆರೆ ಕೆಲಸ, ವಾಹನ, ರೇಷ್ಮೆ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಟಿ.ವಿ.ಯಲ್ಲಿ ‘ಚಂಡಮಾರುತ ದುರ್ಬಲಗೊಂಡಿದೆ’ ಅಂತಾರೆ. ಅದೇ ದಿನ ನಮ್ಮ ಜಿಲ್ಲೆಗೆ ಆರೆಂಜ್ ಅಲರ್ಟ್ ಕೊಡ್ತಾರೆ. ಯಾವುದನ್ನು ನಂಬೋದು? (ಬಂಗಾರಪೇಟೆ)

ಉತ್ತರ: ಎರಡನ್ನೂ ನಂಬಿ. ದುರ್ಬಲವಾಗಿರುವುದು ಗಾಳಿ, ಮಳೆಯಲ್ಲ. ಹವಾಮಾನ ಇಲಾಖೆ ಹೆಸರಿಡುವುದೇ ಗಾಳಿಯ ವೇಗ ನೋಡಿ: ಗಂಟೆಗೆ 62 ಕಿ.ಮೀ. ದಾಟಿದರೆ ಚಂಡಮಾರುತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 31ರಿಂದ 49 ಇದ್ದರೆ ಬರೀ ವಾಯುಭಾರ ಕುಸಿತ. ಅದು ಎಷ್ಟು ನೀರು ಹೊತ್ತಿದೆ ಎಂಬುದು ಈ ಹೆಸರುಗಳಲ್ಲಿ ಇಲ್ಲ. ನೆಲಕ್ಕೆ ಬಂದ ಮೇಲೆ ಗಾಳಿ ಸೋಲುತ್ತದೆ, ಮೋಡ ನಿಧಾನವಾಗುತ್ತದೆ. ನಿಧಾನವಾದ ಮೋಡ ಒಂದೇ ಕಡೆ ಸುರಿಯುತ್ತದೆ.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ದಡ ಸೇರಿತು. ಸಮುದ್ರದಿಂದ ನೂರು ಕಿ.ಮೀ.ಗೂ ಹೆಚ್ಚು ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಸುಮಾರು 50 ಸೆಂ.ಮೀ. ಮಳೆಯಾಯಿತು. ಕೆರೆ ಉಕ್ಕಿ, ರಸ್ತೆ ಬದಿ ನಿಲ್ಲಿಸಿದ್ದ ಬಸ್ಸು, ವ್ಯಾನುಗಳು ತೇಲಿ ಹೋದವು. ಕೃಷ್ಣಗಿರಿ ಅಂದರೆ ನಿಮ್ಮ ಪಕ್ಕದ ಜಿಲ್ಲೆ.

ಬಣ್ಣಗಳ ಲೆಕ್ಕ ಹೀಗಿದೆ. ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಹಳದಿ ಅಂದರೆ ಗಮನ ಇಡಿ, ಆರೆಂಜ್ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಮಾಡಿ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 30x40 ನಿವೇಶನದ ಮೇಲೆ 100 ಮಿ.ಮೀ. ಬಿದ್ದರೆ 11,000 ಲೀಟರ್. ಒಂದು ಚದರ ಕಿ.ಮೀ. ಹೊಲ, ಗುಡ್ಡದ ಮೇಲೆ ಬಿದ್ದರೆ ಹತ್ತು ಕೋಟಿ ಲೀಟರ್. ಮೊದಲ ದಿನದ ಮಳೆಯಲ್ಲಿ ಬಹುಪಾಲನ್ನು ಒಣ ನೆಲ ಕುಡಿಯುತ್ತದೆ. ಮೂರನೇ ದಿನ ಅಷ್ಟೇ ಮಳೆ ಬಂದರೂ ನೆಲಕ್ಕೆ ಬಾಯಾರಿಕೆ ಇರುವುದಿಲ್ಲ, ನೀರೆಲ್ಲ ಕಾಲುವೆಗೆ ಇಳಿಯುತ್ತದೆ. ಆದ್ದರಿಂದ ಜಿಟಿಜಿಟಿ ಎರಡು ದಿನ ಹಿಡಿದ ಮೇಲೆ ಬರುವ ಹಳದಿ ಅಲರ್ಟನ್ನು ಆರೆಂಜ್ ಅಂತಲೇ ಓದಿಕೊಳ್ಳಿ. ನಿಮ್ಮ ಹೋಬಳಿಯ ಮಳೆ ವಿವರಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, ಹಗಲೂ ರಾತ್ರಿ.

ಪ್ರಶ್ನೆ: ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರಿನಿಂದ ನಮ್ಮೂರ ಕೆರೆ ಆಗಲೇ ತುಂಬಿದೆ, ಕೋಡಿಗೆ ಒಂದಡಿ ಬಾಕಿ. ಏರಿಯ ಹಿಂಬದಿ ಒಂದು ಕಡೆ ಜಿನುಗುತ್ತಿದೆ. ಊರವರೇ ಏನಾದರೂ ಮಾಡಬಹುದಾ? (ಕೋಲಾರ ತಾಲ್ಲೂಕು)

ಉತ್ತರ: ಮಾಡಬಹುದು, ಆದರೆ ಮಾಡಬಾರದ್ದನ್ನು ಮೊದಲು ತಿಳಿದುಕೊಳ್ಳಿ.

ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರು ತಿಳಿಯಾಗಿದ್ದು, ಹರಿವು ನಿನ್ನೆಯಷ್ಟೇ ಇದ್ದರೆ ಹಳೆಯ ಮಣ್ಣಿನ ಏರಿಗೆ ಅದು ಸಹಜ. ದಿನಕ್ಕೆ ಎರಡು ಸಲ ನೋಡುತ್ತಿರಿ. ಲೋಟದ ತಳದಲ್ಲಿ ಮಣ್ಣು ಕೂತರೆ ಏರಿಯ ಹೊಟ್ಟೆಯಲ್ಲಿರುವ ಮಣ್ಣೇ ಹೊರಗೆ ಬರುತ್ತಿದೆ. ಏಡಿ, ಹೆಗ್ಗಣ ಕೊರೆದ ಬಿಲವೋ, ಕಡಿದು ಬಿಟ್ಟ ಜಾಲಿ ಮರದ ಕೊಳೆತ ಬೇರೋ ದಾರಿ ಮಾಡಿಕೊಟ್ಟಿರುತ್ತದೆ. ಬೆರಳು ಗಾತ್ರದ ತೂತು ಒಂದು ರಾತ್ರಿಯಲ್ಲಿ ಏರಿ ಒಡೆಯುವಷ್ಟು ದೊಡ್ಡದಾಗಬಲ್ಲದು.

ಇಂಥ ಕಡೆ ಜನ ಮಾಡುವ ಮೊದಲ ತಪ್ಪು ಹೊರಗಿನಿಂದ ಜೇಡಿ, ಕಲ್ಲು ತುರುಕಿ ಬಾಯಿ ಮುಚ್ಚುವುದು. ಒಳಗಿನ ಒತ್ತಡ ಹಾಗೇ ಇರುತ್ತದೆ, ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಬದಲಿಗೆ ನೀರು ಚಿಮ್ಮುವ ಜಾಗದ ಮೇಲೆ ಒಂದು ಪದರ ದಪ್ಪ ಮರಳು, ಅದರ ಮೇಲೆ ಜಲ್ಲಿ ಹರಡಿ. ಸುತ್ತ ಮರಳು ಚೀಲದ ಬಾವಿಕಟ್ಟೆ ಕಟ್ಟಿ, ಎರಡು ಮೂರು ಅಡಿ ಎತ್ತರ. ಒಳಗೆ ನೀರು ನಿಂತಷ್ಟೂ ಹಿಮ್ಮುಖ ಒತ್ತಡ ಬಂದು ಹರಿವು ನಿಧಾನವಾಗುತ್ತದೆ. ನೀರು ತಿಳಿಯಾದರೆ ಅಲ್ಲಿಗೆ ನಿಲ್ಲಿಸಿ. ಪೂರ್ತಿ ನಿಲ್ಲಿಸಲು ಹೋಗಬೇಡಿ. ಮಣ್ಣು ನಿಲ್ಲಬೇಕು, ನೀರು ಹರಿಯಬೇಕು. ಕೆರೆಯ ಒಳಬದಿ ಏರಿಯ ಹತ್ತಿರ ಸುಳಿ ಕಂಡರೆ ತೂತಿನ ಬಾಯಿ ಅಲ್ಲೇ ಇದೆ. ಅದನ್ನು ದಡದಿಂದಲೇ ಟಾರ್ಪಾಲು, ಚೀಲ ಬಿಟ್ಟು ಮುಚ್ಚಬೇಕು. ಯಾರೂ ನೀರಿಗೆ ಇಳಿಯಕೂಡದು.

ಎರಡನೇ ತಪ್ಪು ಕೋಡಿಯದು. ‘ನೀರು ಪೋಲಾಗಬಾರದು’ ಅಂತ ಕೋಡಿ ಕಲ್ಲಿನ ಮೇಲೆ ಒಂದಡಿ ಚೀಲ ಪೇರಿಸುವುದು, ಮೀನು ಹೋಗದಂತೆ ಬಲೆ ಬಿಗಿಯುವುದು ನಮ್ಮ ಕಡೆ ಮಾಮೂಲಿ. ಬಲೆಗೆ ಕಸ, ಅಂತರಗಂಗೆ ಸಿಕ್ಕಿ ಗೋಡೆಯಾಗುತ್ತದೆ. ಆಗ ನೀರು ಏರಿಯ ತಗ್ಗಿನಲ್ಲಿ, ಅಂದರೆ ಟ್ರ್ಯಾಕ್ಟರ್ ಹತ್ತಿ ಇಳಿದು ಸವೆದ ಜಾಗದಲ್ಲಿ, ಮೇಲೆ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದನ್ನು ತಡೆಯುವುದು ಬಹಳ ಕಷ್ಟ. ಚೀಲ ಹಾಕುವುದಿದ್ದರೆ ಆ ತಗ್ಗಿಗೆ ಹಾಕಿ, ಕೋಡಿಯನ್ನು ಇವತ್ತೇ ಬಿಡಿಸಿ, ಕೋಡಿ ಕಾಲುವೆಯ ಪೊದೆ ಸವರಿ.

ತೂಬು ಕೆಲಸ ಮಾಡುತ್ತಿದ್ದರೆ ಮಳೆಗೆ ಎರಡು ದಿನ ಮುಂಚೆ ಸ್ವಲ್ಪ ಸ್ವಲ್ಪವೇ ಎತ್ತಿ. ಗಾಬರಿಯಲ್ಲಿ ಪೂರ್ತಿ ಎತ್ತಿ ನೀರನ್ನು ಒಮ್ಮೆಗೇ ಇಳಿಸಿದರೆ ನೆನೆದ ಒಳಮೈ ಕುಸಿಯುತ್ತದೆ. ವ್ಯಾಲಿ ನೀರು ಬರುವ ಕೆರೆಯಾದರೆ ಆ ಹರಿವನ್ನು ತಾತ್ಕಾಲಿಕವಾಗಿ ನಿಲ್ಲಿಸುವಂತೆ ಸಣ್ಣ ನೀರಾವರಿ ಇಲಾಖೆಗೆ ಬರೆದು ಕೇಳಿ. ಮೊದಲಾದರೆ ಖಾಲಿ ಕೆರೆ ತುಂಬಲು ಎರಡು ಮಳೆ ಬೇಕಿತ್ತು, ಆ ವಿರಾಮ ಈಗ ಇಲ್ಲ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆ ಜಿಲ್ಲಾ ಪಂಚಾಯಿತಿಯದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಯದು. ಅರ್ಜಿ ತಪ್ಪು ಮೇಜಿಗೆ ಹೋಗಿ ಕೂರುವುದು ಇಲ್ಲೇ.

ಕೆರೆಗಳು ಸರಪಳಿ. ಮೇಲಿನ ಕೆರೆಯ ಕೋಡಿ ನಿಮ್ಮ ಕೆರೆಯ ಒಳಹರಿವು, ಮೇಲಿನದು ಒಡೆದರೆ ಕೆಳಗಿನದ್ದೂ ಉಳಿಯುವುದು ಕಷ್ಟ. ಮೇಲೂರಿನ ನೀರುಗಂಟಿಯ ಫೋನ್ ನಂಬರ್ ನಿಮ್ಮಲ್ಲಿರಲಿ, ನಿಮ್ಮದು ಕೆಳಗಿನ ಊರಿನಲ್ಲಿರಲಿ. ಮಳೆ ರಾತ್ರಿ ಇಬ್ಬರು ಟಾರ್ಚ್ ಹಿಡಿದು ಗಂಟೆಗೊಮ್ಮೆ ಏರಿ ನೋಡಬೇಕು. ಏರಿಯ ಉದ್ದಕ್ಕೆ ಹೊಸ ಬಿರುಕು, ಹಿಂಬದಿ ಮಣ್ಣು ಜಾರಿದ್ದು, ಕೆಸರು ನೀರು, ಈ ಮೂರರಲ್ಲಿ ಒಂದು ಕಂಡರೂ ಕೋಡಿ ಕಾಲುವೆ ಪಕ್ಕದ ಮನೆಗಳನ್ನು ಎಬ್ಬಿಸಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಕಾಲುವೆ ದಾಟಿ ಓಡುವುದಲ್ಲ, ಇದ್ದ ಕಡೆಯಿಂದಲೇ ದಿಣ್ಣೆ ಹತ್ತುವುದು.

ಇನ್ನು ಗಂಗಮ್ಮನ ಪೂಜೆ, ಬಾಗಿನ. ವರ್ಷಗಟ್ಟಲೆ ಒಣಗಿದ್ದ ಕೆರೆ ಕೋಡಿ ಬಿದ್ದರೆ ಯಾರ ಕಾಲು ನಿಲ್ಲುತ್ತದೆ? ಆದರೆ ಕೋಡಿ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಪಾದ ಮುಳುಗುವಷ್ಟು ನೀರೂ ಎಳೆದುಕೊಂಡು ಹೋಗುತ್ತದೆ. ಬಾಗಿನ ನಾಲ್ಕು ದಿನ ಬಿಟ್ಟು ಕೊಟ್ಟರೂ ಗಂಗಮ್ಮ ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಸೋರುತ್ತಿಲ್ಲ. ಭಯ ಇದೆಯಾ? (ಗುಡಿಬಂಡೆ)

ಉತ್ತರ: ಸೋರದಿದ್ದರೂ ಇದೆ. ಮಣ್ಣಿನ ಗೋಡೆ ಮೇಲಿನಿಂದಲ್ಲ, ಬುಡದಿಂದ ನೆನೆಯುತ್ತದೆ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಒಂದಡಿ ದೂರದಲ್ಲಿ ಸಣ್ಣ ಕಾಲುವೆ ತೋಡಿ, ಅಡಿಯಿಂದ ಎರಡಡಿ ಎತ್ತರಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹೊಟ್ಟೆ ಉಬ್ಬಿದ ಗೋಡೆ, ಮೂಲೆಯಲ್ಲಿ ಹೊಸ ಬಿರುಕು, ನಿನ್ನೆ ಸಲೀಸಾಗಿದ್ದ ಬಾಗಿಲು ಇವತ್ತು ಬಿಗಿಯಾಗುವುದು, ಚಪ್ಪಡಿ ಸಂದಿಯಿಂದ ಮಣ್ಣು ಉದುರುವುದು: ಇವು ಕಂಡರೆ ಆ ರಾತ್ರಿ ಅಲ್ಲಿ ಮಲಗಬೇಡಿ, ಶಾಲೆ, ಸಮುದಾಯ ಭವನ ಎಲ್ಲಿಗಾದರೂ ಹೋಗಿ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಗೋಡೆ ಬೀಳುತ್ತದೆ, ನೆನೆದ ಮಣ್ಣು ಒಣಗುತ್ತಾ ಬಿರಿಯುವುದರಿಂದ. ಬಿದ್ದರೆ ಮಣ್ಣು ಬಾಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಸ್ವಚ್ಛ ಮಾಡಿದ ಜಾಗದ ಫೋಟೊಗೆ ಪರಿಹಾರದ ಕಡತದಲ್ಲಿ ಬೆಲೆ ಇಲ್ಲ.

ಪ್ರಶ್ನೆ: ಮೋರಿ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೂ ಟ್ರ್ಯಾಕ್ಟರ್, ಲಾರಿ ಹೋಗುತ್ತವೆ. ಕಾರು ಯಾಕೆ ಹೋಗಬಾರದು? (ಗೌರಿಬಿದನೂರು)

ಉತ್ತರ: ಲೆಕ್ಕ ಹಾಕೋಣ. ಸಣ್ಣ ಕಾರಿನ ತಳ ಸುಮಾರು 5 ಚದರ ಮೀಟರ್, ತೂಕ 900 ಕೆ.ಜಿ. ಆಸುಪಾಸು, ತಳ ನೆಲದಿಂದ ಸುಮಾರು 17 ಸೆಂ.ಮೀ. ಮೇಲಿದೆ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ. ಕಾರನ್ನು 500 ಕೆ.ಜಿ. ಬಲದಿಂದ ಎತ್ತುತ್ತದೆ. ಅಂದರೆ 27 ಸೆಂ.ಮೀ. ನೀರಿನಲ್ಲಿ ಟೈರಿನ ಮೇಲೆ ಉಳಿಯುವ ಭಾರ ಅರ್ಧಕ್ಕಿಂತ ಕಡಿಮೆ, 35 ದಾಟಿದರೆ ಕಾರು ದೋಣಿ. ಮೊಣಕಾಲು ಅಂದರೆ 45 ಸೆಂ.ಮೀ. ಟ್ರ್ಯಾಕ್ಟರ್‌ಗೆ ತೇಲಲು ಮುಚ್ಚಿದ ಹೊಟ್ಟೆಯೇ ಇಲ್ಲ, ಅದಕ್ಕೆ ನಿಲ್ಲುತ್ತದೆ; ಅದೂ ರಸ್ತೆ ಇರುವವರೆಗೆ.

ರಸ್ತೆ ಇದೆಯೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ. ಮೋರಿಯ ಇಳಿಬದಿಯಲ್ಲಿ ನೀರು ಧುಮುಕುವಾಗ ಮಣ್ಣನ್ನು ಕೆಳಗಿನಿಂದ ಕೊರೆಯುತ್ತದೆ, ಡಾಂಬರು ಮಾತ್ರ ಹಪ್ಪಳದ ಹಾಗೆ ಉಳಿದಿರುತ್ತದೆ. ಹಿಂದಿನ ಲಾರಿಗೆ ತಡೆದದ್ದು ನಿಮ್ಮ ಕಾರಿಗೆ ತಡೆಯಬೇಕೆಂದಿಲ್ಲ. ನೀರು ಹರಿಯುತ್ತಿದ್ದು ಮೋರಿಯ ಕಟ್ಟೆಕಲ್ಲು ಕಾಣದಿದ್ದರೆ ವಾಪಸು ತಿರುಗಿಸಿ. ಬೈಕಿನವರಿಗೂ ಇದೇ ಮಾತು. ನಡೆದು ಹೋಗುವವರಿಗೆ ರಭಸದ ನೀರು ಒಂದು ಗೇಣು ಇದ್ದರೂ ಸಾಕು, ಕಾಲು ಕೀಳಲು.

ರೈಲ್ವೆ ಅಂಡರ್‌ಪಾಸ್ ಇನ್ನೂ ಮೋಸ. ಗೇಟ್ ತೆಗೆದು ಕಟ್ಟಿದ ಹಳ್ಳಿ ಅಂಡರ್‌ಪಾಸ್‌ಗಳು ಅಕ್ಕಪಕ್ಕದ ಹೊಲದ ನೀರಿಗೆಲ್ಲ ಬಾವಿ. ನೀರು ನಿಂತಿರುವುದರಿಂದ ಸಾಧು ಕಾಣುತ್ತದೆ, ಆಳ ತಿಳಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡದ್ದು ನಗರದ ಮಧ್ಯದಲ್ಲಿ, ಹಾಡಹಗಲಲ್ಲಿ.

ಸಿಕ್ಕಿಬಿದ್ದೇ ಬಿಟ್ಟರೆ ಮೊದಲು ಸೀಟ್ ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ, ಕಿಟಕಿಯಿಂದ ಚಾವಣಿಗೆ ಹತ್ತಿ. ಫೋನ್ ಮಾಡುವುದು ಆಮೇಲೆ. ಗಾಜು ಇಳಿಯದಿದ್ದರೆ ಹೆಡ್‌ರೆಸ್ಟ್ ಕಿತ್ತು ಅದರ ಕಬ್ಬಿಣದ ಕಡ್ಡಿಯಿಂದ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಪದರದ್ದು, ಬಿರುಕು ಬಿಟ್ಟರೂ ತೆರೆದುಕೊಳ್ಳುವುದಿಲ್ಲ.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಹೊಕ್ಕಿದ್ದು ಸಣ್ಣ ಖರ್ಚು, ಕೀ ತಿರುಗಿಸಿದ್ದು ದೊಡ್ಡ ಖರ್ಚು. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ಹಣ ಬರುವುದೂ ಇಲ್ಲ. ತಳ್ಳಿಸಿ ಮೇಲೆ ತಂದು, ಬ್ಯಾಟರಿಯ ನೆಗೆಟಿವ್ ಕಳಚಿ, ಮೆಕ್ಯಾನಿಕ್ಕನ್ನು ಕರೆಸಿ.

ಪ್ರಶ್ನೆ: ಶನಿವಾರ ತಿರುಪತಿಗೆ ದರ್ಶನದ ಟಿಕೆಟ್ ಇದೆ. ಮುಳಬಾಗಿಲು, ಪಲಮನೇರು, ಚಿತ್ತೂರು ಮೇಲೆ ಹೋಗಬೇಕು. (ಚಿಂತಾಮಣಿ)

ಉತ್ತರ: ನಿಮ್ಮ ಜಿಲ್ಲೆಯ ಅಲರ್ಟ್ ಮಾತ್ರ ನೋಡಿ ಹೊರಡಬೇಡಿ, ಚಿತ್ತೂರು, ತಿರುಪತಿ ಜಿಲ್ಲೆಗಳದ್ದನ್ನು ನೋಡಿ, ನೀವು ಹೋಗುತ್ತಿರುವುದು ಮಳೆ ಬರುವ ದಿಕ್ಕಿಗೆ. 2021ರ ನವೆಂಬರ್‌ನಲ್ಲಿ ತಿರುಪತಿಯ ಬೀದಿಗಳೇ ಹೊಳೆಯಾಗಿ, ಅಲಿಪಿರಿ ಮತ್ತು ಶ್ರೀವಾರಿ ಮೆಟ್ಟಿಲ ದಾರಿಗಳನ್ನು ಮುಚ್ಚಬೇಕಾಯಿತು. ಅಲ್ಲಿ ಆರೆಂಜ್ ಅಥವಾ ಕೆಂಪು ಇದ್ದರೆ ಮುಂದೂಡಿ. ಹೋಗಲೇಬೇಕಾದರೆ ಹಗಲಿನಲ್ಲೇ ಘಾಟಿ ಮುಗಿಯುವಂತೆ ಹೊರಡಿ. ರೈಲಾದರೆ 139ರಲ್ಲಿ ವಿಚಾರಿಸಿ. ರೈಲು ರದ್ದಾದರೆ ಇ-ಟಿಕೆಟ್ ಹಣ ತಾನಾಗಿ ಬರುತ್ತದೆ; ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದಿದ್ದರೆ, ರೈಲು ಹೊರಡುವ ಮೊದಲೇ ಟಿ.ಡಿ.ಆರ್. (ಹಣ ವಾಪಸು ಕೇಳುವ ಅರ್ಜಿ) ಹಾಕಿದರೆ ಪೂರ್ತಿ ಹಣ. ನಂದಿಬೆಟ್ಟಕ್ಕೆ ‘ಮಂಜು ನೋಡಲು’ ಹೋಗಬಹುದೇ ಅಂತ ಕೇಳಿದವರಿಗೆ: ಬೇಡ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ಬೆಟ್ಟ ಜಾರಿ ರಸ್ತೆಯೇ ಕೊಚ್ಚಿಹೋಗಿತ್ತು.

ಪ್ರಶ್ನೆ: ತುಮಕೂರಿನಲ್ಲಿ ತಗ್ಗಿನ ಬಡಾವಣೆ, ನೆಲಮಹಡಿ. ಮನೆಗೂ ಸಂಪಿಗೂ ನೀರು ನುಗ್ಗುತ್ತದೆ. ಏನೇನು ತಯಾರಿ?

ಉತ್ತರ: ಬಾಗಿಲಿಗಿಂತ ಮೊದಲು ನೀರು ಬರುವುದು ಬಚ್ಚಲಿನಿಂದ. ಒಳಚರಂಡಿ ತುಂಬಿದಾಗ ಟಾಯ್ಲೆಟ್ ಗುಂಡಿ, ಬಚ್ಚಲ ಜಾಲರಿಯಿಂದ ಹಿಮ್ಮುಖವಾಗಿ ಉಕ್ಕುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಳೆ ಬಟ್ಟೆ ತುರುಕಿ ಅಲ್ಲಿ ಅದುಮಿ, ಮೇಲೆ ಮರಳು ಚೀಲ ಇಡಿ.

ಮೂರಡಿ ಬಾಗಿಲಿಗೆ ಒಂದಡಿ ಎತ್ತರ ಕಟ್ಟಲು 12ರಿಂದ 15 ಚೀಲ ಬೇಕು. ಸಿಮೆಂಟ್ ಚೀಲವನ್ನು ಅರ್ಧ ಮಾತ್ರ ತುಂಬಿ. ಬಿಗಿಯಾಗಿ ತುಂಬಿದ್ದು ಕಲ್ಲಿನಂತೆ ದುಂಡಗಾಗಿ ಸಂದಿ ಬಿಡುತ್ತದೆ. ಬಾಯಿ ಮಡಿಚಿ ಕೆಳಗೆ ಹಾಕಿ, ಇಟ್ಟಿಗೆಯಂತೆ ಸಂದಿ ತಪ್ಪಿಸಿ ಜೋಡಿಸಿ, ಪ್ರತಿ ಸಾಲನ್ನೂ ತುಳಿಯಿರಿ. ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆ.

ಯು.ಪಿ.ಎಸ್. ಬ್ಯಾಟರಿ, ಮೋಟಾರಿನ ಸ್ಟಾರ್ಟರ್ ಡಬ್ಬಿಯನ್ನು ಮಳೆಗೆ ಮೊದಲೇ ಎತ್ತರಕ್ಕೆ ಸರಿಸಿ, ಮುಖ್ಯ ಎಂ.ಸಿ.ಬಿ.ಯನ್ನು ಕಾಲು ಒಣಗಿರುವಾಗಲೇ ಇಳಿಸಿ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟುವುದು ಬೇಡ. ನೀರು ಆಗಲೇ ಬಂದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ ಕಂಬದಲ್ಲೇ ತೆಗೆಸಿ. ಬೋರ್‌ವೆಲ್ ಒಳಗಿನ ಸಬ್‌ಮರ್ಸಿಬಲ್ ಮೋಟಾರಿಗೆ ನೀರಿನ ಭಯವಿಲ್ಲ, ಕೆಡುವುದು ಮೇಲಿನ ಪ್ಯಾನಲ್ ಮತ್ತು ಕೇಬಲ್ ಜಾಯಿಂಟ್. ನೆನೆದ ಮೋಟಾರನ್ನು ಒಣಗಿಸಿ, ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷಿಸುವ ಉಪಕರಣ) ಹಿಡಿಸಿ ನೋಡದೆ ಓಡಿಸಬೇಡಿ.

ಸಂಪಿಗೆ ಚರಂಡಿ ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ. ಹತ್ತು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಗೋಡೆ, ತಳ ಉಜ್ಜಿ ತೊಳೆದು ಚೆಲ್ಲಿ. ಇಳಿದವರು ಮುಚ್ಚಳ ತೆರೆದಿಟ್ಟು, ಹೊರಗೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಮತ್ತೆ ತುಂಬಿಸಿ 1,000 ಲೀಟರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಪುಡಿಯನ್ನು ನೇರ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಕುಡಿಯುವುದಕ್ಕೆ ಆಮೇಲೂ ಒಂದು ವಾರ ಕುದಿಸಿಯೇ.

ಪ್ರಶ್ನೆ: ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಮುಗಿಸಿ ಎದ್ದಿದೆ. ಮೂರು ದಿನ ಮಳೆ ಅಂತಾರೆ, ಸೊಪ್ಪು ನೆನೆಯುತ್ತದೆ. (ಶಿಡ್ಲಘಟ್ಟ)

ಉತ್ತರ: ಹುಳು ತನ್ನ ಆಯಸ್ಸಿನ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಈ ಐದನೇ ಹಂತದಲ್ಲೇ, ಉಪವಾಸ ಕೆಡವಲು ಆಗುವುದಿಲ್ಲ. ಮಳೆಗೆ ಮೊದಲು ಒಂದು ದಿನದ ರೆಂಬೆ ಕೊಯ್ದು, ಕಟ್ಟು ಸಡಿಲಿಸಿ ಒಳಗೆ ನಿಲ್ಲಿಸಿಡಿ. ರಾಶಿ ಹಾಕಿದರೆ ಒಳಗೆ ಬಿಸಿಯಾಗುತ್ತದೆ. ನೆನೆದ ರೆಂಬೆಯನ್ನು ಜಾಡಿಸಿ, ತೂಗುಹಾಕಿ, ಫ್ಯಾನ್ ಕೆಳಗೆ ನೀರು ಆರಿದ ಮೇಲೆ ಕೊಡಿ. ಒದ್ದೆ ಸೊಪ್ಪು, ತಂಪು, ಗಾಳಿಯಾಡದ ಮನೆ ಸೇರಿದರೆ ಸಪ್ಪೆ ರೋಗ, ಸುಣ್ಣಕಟ್ಟು ಎರಡಕ್ಕೂ ಹಬ್ಬ. ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಹಾಸಿಗೆಯ ಮೇಲೆ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಬಟ್ಟೆಯಲ್ಲಿ ಉದುರಿಸಿ. ‘ವಿಜೇತ’ ಎಂಬ ಸೋಂಕುನಿವಾರಕ ಪುಡಿ ಹಾಕುವ ದಿನ ಸುಣ್ಣ ಬೇಡ. ಹಣ್ಣಾದ ಹುಳು ಬಿಟ್ಟ ಚಂದ್ರಿಕೆಗಳನ್ನು (ಗೂಡು ಕಟ್ಟುವ ತಟ್ಟೆ) ಒಂದಕ್ಕೊಂದು ಆನಿಸದೆ ಇಟ್ಟು, ಕೆಳಗೆ ಹಳೆ ಪೇಪರ್ ಹಾಸಿ ಆಗಾಗ ಬದಲಿಸಿ. ತೇವದಲ್ಲಿ ಕಟ್ಟಿದ ಗೂಡು ಚೆನ್ನಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ರೀಲರ್ ಅದನ್ನು ಕೈಯಲ್ಲಿ ಹಿಡಿದ ತಕ್ಷಣ ಗುರುತಿಸುತ್ತಾನೆ. ಬಿಸಿಗೆ ಇದ್ದಿಲ ಕುಂಪಟಿ ಇಟ್ಟರೆ ಕಿಟಕಿ ತೆರೆದಿರಲಿ, ಅದೇ ಕೋಣೆಯಲ್ಲಿ ಮನುಷ್ಯರು ಮಲಗಕೂಡದು.

ಪ್ರಶ್ನೆ: ರಾಗಿ ಕೊಯ್ದು ಹೊಲದಲ್ಲೇ ಬಿಟ್ಟಿದ್ದೇವೆ. ಟಾರ್ಪಾಲು ಹೊದಿಸಿದರೆ ಸಾಕಾ? ವಿಮೆ ಬರುತ್ತದಾ? (ಗುಬ್ಬಿ)

ಉತ್ತರ: ಒಣಗಿದ್ದರೆ ಕಲ್ಲಿನ ಮೇಲೆ ಕಡ್ಡಿ ಹಾಸಿ, ಸಿವುಡುಗಳನ್ನು ತೆನೆ ಒಳಗೆ, ಬುಡ ಹೊರಗೆ ಇಳಿಜಾರಾಗಿ ಜೋಡಿಸಿ ಮೆದೆ ಹಾಕಿ ಹೊದಿಸಿ. ಒದ್ದೆ ರಾಗಿಗೆ ಟಾರ್ಪಾಲು ಬಿಗಿದರೆ ಬೆವರಿ, ತೆನೆಯಲ್ಲೇ ಮೊಳಕೆ ಬರುತ್ತದೆ. ಅದನ್ನು ಸೂರಿನಡಿ ಹರಡಿ. ಇನ್ನೂ ಕೊಯ್ಯದಿದ್ದರೆ ಮಳೆ ಮುಗಿಯುವವರೆಗೆ ಕೊಯ್ಯಬೇಡಿ. ಫಸಲ್ ಬಿಮಾ ಕಟ್ಟಿದ್ದು, ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆ 14 ದಿನದೊಳಗೆ ಚಂಡಮಾರುತದ ಮಳೆಗೆ ಕೆಟ್ಟರೆ ಪರಿಹಾರಕ್ಕೆ ಅವಕಾಶವಿದೆ. 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ತಿಳಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಅನೇಕರ ಅರ್ಜಿ ಬಿದ್ದುಹೋಗುವುದು ನಾಲ್ಕನೇ ದಿನ ಹೋಗಿದ್ದಕ್ಕೆ.

ಪ್ರಶ್ನೆ: ರಾತ್ರಿ ಮಳೆ ನಿಂತು ಬೆಳಿಗ್ಗೆ ಬಿಸಿಲು ಬಂದರೆ ಮಗಳನ್ನು ಕಾಲೇಜಿಗೆ ಕಳಿಸಬಹುದಾ? ದಾರಿಯಲ್ಲಿ ಎರಡು ಹಳ್ಳ ಇವೆ. (ಕೊರಟಗೆರೆ)

ಉತ್ತರ: ಬಿಸಿಲು ನೋಡಿ ಕಳಿಸಬೇಡಿ, ಹಳ್ಳ ನೋಡಿ ಕಳಿಸಿ. ದೇವರಾಯನದುರ್ಗದ ಕಡೆ ಬಿದ್ದ ನೀರು ಕೆರೆಗಳನ್ನು ದಾಟಿ ಜಯಮಂಗಲಿಗೆ ಇಳಿಯುವ ಹೊತ್ತಿಗೆ ನಿಮ್ಮ ಅಂಗಳ ಒಣಗಿರುತ್ತದೆ. ಬೆಳಿಗ್ಗೆ ಎದ್ದಾಗ ಹಳ್ಳದ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ, ಅರ್ಧ ಗಂಟೆ ಬಿಟ್ಟು ನೋಡಿ. ಕಡ್ಡಿ ನೀರೊಳಗೆ ಹೋಗಿದ್ದರೆ ಇವತ್ತು ರಜೆ. ನೀರು ಹಿಂದೆ ಸರಿದಿದ್ದು, ಆ ಕಡೆಯಿಂದ ಮೊದಲ ಬಸ್ ಬಂದಿದ್ದರೆ ಡ್ರೈವರನ್ನು ಕೇಳಿ ಕಳಿಸಿ. ಸಂಜೆ ವಾಪಸು ಬರುವ ಮೊದಲು ಅವಳೇ ಫೋನ್ ಮಾಡಿ ಹಳ್ಳದ ಸ್ಥಿತಿ ಕೇಳಲಿ. ಪಟ್ಟಣದಲ್ಲಿ ಒಂದು ರಾತ್ರಿ ಉಳಿಯಲು ನೆಂಟರದೋ ಗೆಳತಿಯದೋ ಮನೆಯನ್ನು ಇವತ್ತೇ ಮಾತಾಡಿಟ್ಟಿರಿ.